ಹೊಸ ಮೀನಿಗೆ ನಲವತ್ತೆರಡು ದಿನ

ಗುರುವಾರ ಮಧ್ಯಾಹ್ನ ಸಾಕುಮೀನಿನ ಅಂಗಡಿಯವನು ಹಲ್ಲಿನ ಕ್ಲಿನಿಕ್ಕಿಗೆ ಬಂದಾಗ ಅವನ ಕೈಯಲ್ಲಿ ಗಾಳಿ ತುಂಬಿ ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲವಿತ್ತು. ಚೀಲದೊಳಗೆ ಅಂಗೈಯಗಲದ ಹಳದಿ ಮೀನು. ಅವನ ಮುಖದ ಮೇಲೆ ಮದುಮಗನನ್ನು ಕರೆತಂದವನ ಕಳೆ. ಕಾಯುವ ಕೋಣೆಯಲ್ಲಿದ್ದ ಆರಡಿ ಉದ್ದದ ಉಪ್ಪುನೀರಿನ ಟ್ಯಾಂಕಿನ ಮುಂದೆ ನಿಂತು ಅವನು ಚೀಲದ ರಬ್ಬರ್ ಬ್ಯಾಂಡಿಗೆ ಉಗುರು ಹಾಕಿದ್ದನೋ ಇಲ್ಲವೋ, ಒಳಕೋಣೆಯಿಂದ ಮಾತು ಬಂತು.

"ಕೈ ತೆಗಿ."

ಅದು ಅಕ್ಕನ ಮಾತು. ಅಕ್ಕ ಎಂದರೆ ಡಾಕ್ಟರ ಒಡಹುಟ್ಟಿದ ಅಕ್ಕ, ಅವನಿಗಿಂತ ಏಳು ವರ್ಷ ದೊಡ್ಡವಳು. ತಮ್ಮ ಈ ಕ್ಲಿನಿಕ್ ತೆರೆದ ದಿನದಿಂದ ಇಕ್ಕಳ, ಕನ್ನಡಿ, ಸೂಜಿಮೊನೆಯ ಕೊಕ್ಕೆಗಳನ್ನೆಲ್ಲ ತೊಳೆದು ಶುದ್ಧ ಮಾಡುವ ಕೆಲಸ ಅವಳದು. ಮೊದಲು ಪಾತ್ರೆಯಲ್ಲಿ ಕುದಿಸುತ್ತಿದ್ದಳು. ಆಮೇಲೆ ಹಬೆಯ ಯಂತ್ರ ಬಂತು, ಅದಕ್ಕೆ ಅವಳೇ ಕುಕ್ಕರ್ ಎಂದು ಹೆಸರಿಟ್ಟಳು. ರೋಗಿಗಳು ಮಾತ್ರ ಇವತ್ತಿಗೂ ಅವಳನ್ನು ಕರೆಯುವುದು 'ಕುದಿಸೋ ಅಕ್ಕ' ಎಂದೇ. ಒಮ್ಮೆ ಒಂದು ಇಕ್ಕಳ ಪೊಟ್ಟಣದಿಂದ ಜಾರಿ ಅವಳದೇ ಕೈಗವಸಿನ ಮೇಲೆ ಬಿತ್ತು. ಅದನ್ನೂ ಮತ್ತೆ ಕುಕ್ಕರಿಗೆ ಹಾಕಿದಳು. ತನ್ನ ಕೈಯನ್ನೇ ನಂಬದ ಹೆಂಗಸು ಮೀನಂಗಡಿಯವನನ್ನು ನಂಬುತ್ತಾಳೆಯೇ?

ಟ್ಯಾಂಕೂ ಅವಳದೇ ಸುಪರ್ದಿ. ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಪಂಪು, ಹೀಟರು, ಉಪ್ಪಿನ ಡಬ್ಬ ಇರುತ್ತವೆ. ಆ ಕಪಾಟಿನ ಕೀ ಅವಳ ಕೊರಳಿನ ದಾರದಲ್ಲಿ ಇರುತ್ತದೆ.

"ಮೇಡಮ್, ಹತ್ತು ದಿನ ನಮ್ಮ ಅಂಗಡೀಲೇ ಇತ್ತು ಇದು. ಚೆನ್ನಾಗಿ ತಿಂತಿದೆ. ಮೈ ನೋಡಿ, ಕನ್ನಡಿ ಥರ ಇದೆ. ನೇರವಾಗಿ ಬಿಡಬಹುದು," ಎಂದ ಅಂಗಡಿಯವನು.

"ನಿನ್ನ ಅಂಗಡೀಲಿ ಎಷ್ಟು ಗಾಜಿನ ಪೆಟ್ಟಿಗೆ ಇದೆ?"

"ನಲವತ್ತು."

"ನಲವತ್ತಕ್ಕೂ ನೀರು ಒಂದೇ ಪೈಪಲ್ಲಿ ಸುತ್ತತ್ತೆ. ಹೌದೋ ಅಲ್ವೋ?"

ಅವನು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಹೌದು ಎಂದರೆ ಕಷ್ಟ, ಅಲ್ಲ ಎಂದರೆ ಸುಳ್ಳು.

"ಅಂದ್ರೆ ಇದು ಹತ್ತು ದಿನ ನಲವತ್ತು ಮನೆ ಎಂಜಲು ಕುಡಿದಿದೆ," ಎಂದಳು ಅಕ್ಕ. "ಕೊಡು ಇಲ್ಲಿ. ಇದು ದೊಡ್ಡ ಟ್ಯಾಂಕಿಗೆ ಹೋಗಲ್ಲ. ಆರು ವಾರ ಬೇರೆ ಇರತ್ತೆ."

ಆರು ವಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮುಂದಿನ ಮೇಜಿನಲ್ಲಿ ಅಪಾಯಿಂಟ್‌ಮೆಂಟ್ ಬರೆಯುತ್ತಿದ್ದ ತಮ್ಮನ ಹೆಂಡತಿ ಪೆನ್ನು ಕೆಳಗಿಟ್ಟಳು. ಅವಳ ಸಂಕಟವೂ ಸುಳ್ಳಲ್ಲ. ಭಾನುವಾರ ಕ್ಲಿನಿಕ್ಕಿನ ಎರಡನೆಯ ಕುರ್ಚಿಯ ಉದ್ಘಾಟನೆ. ತಮ್ಮನಿಗೆ ಪಾಠ ಹೇಳಿದ ಹಿರಿಯ ಡಾಕ್ಟರು ರಿಬ್ಬನ್ ಕತ್ತರಿಸಲು ಬರುತ್ತಾರೆ. ಹೊಸ ಕುರ್ಚಿ, ಹೊಸ ದೀಪ, ಹೊಸ ಸೋಫಾ, ಎಲ್ಲ ಬಂದಿವೆ. ಆದರೆ ಕಾಯುವ ಕೋಣೆಯಲ್ಲಿ ಬಣ್ಣ ಕಾಣದೆ ಉಳಿದ ಎರಡು ಗೋಡೆ ಮಾತ್ರ ಸಿಪ್ಪೆ ಸುಲಿದ ಹಾಗಿವೆ. ಬಣ್ಣ ಹೊಡೆಸೋಣ ಎಂದು ಅವಳು ನಾಲ್ಕು ವರ್ಷದಿಂದ ಹೇಳುತ್ತಿದ್ದಾಳೆ, ಗಂಡ ನಾಲ್ಕು ವರ್ಷದಿಂದ 'ಬೇಡ ಅಂದ್ರೆ ಬೇಡ' ಎನ್ನುತ್ತಿದ್ದಾನೆ. ಯಾಕೆ ಎಂದು ಕೇಳಿದರೆ ಎದ್ದು ಹೋಗುತ್ತಾನೆ. ಗೋಡೆ ಹಾಗಿದ್ದರೆ ಹಾಳಾಗಲಿ, ಟ್ಯಾಂಕಿನಲ್ಲಾದರೂ ಒಂದು ಬಣ್ಣದ ಮೀನು ಇದ್ದರೆ ಜನರ ಕಣ್ಣು ಅತ್ತ ಹೋಗುತ್ತದೆ ಎಂಬುದು ಅವಳ ಲೆಕ್ಕ. ಆರಡಿ ಟ್ಯಾಂಕಿನಲ್ಲಿ ಈಗ ಇರುವುದು ಹವಳ, ಎರಡು ಸೀಗಡಿ, ಮತ್ತೆ ಒಂದೇ ಒಂದು ಮೀನು. ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ ಹನ್ನೊಂದು ವರ್ಷದ ಮುದುಕ. ಎಲ್ಲರೂ ಅದನ್ನು ಅಜ್ಜ ಎನ್ನುತ್ತಾರೆ.

"ಅಕ್ಕ, ಭಾನುವಾರ ಒಂದು ದಿನದ ಮಟ್ಟಿಗಾದ್ರೂ ಬಿಡೋಣ. ಆಮೇಲೆ ಹಿಡಿದು ಬೇರೆ ಇಟ್ಕೊಳ್ಳಿ," ಎಂದಳು ತಮ್ಮನ ಹೆಂಡತಿ.

"ಒಂದು ಬಾಯಿಗೆ ಹಾಕಿದ ಇಕ್ಕಳಾನ ಒಂದೇ ನಿಮಿಷ ಇನ್ನೊಂದು ಬಾಯಿಗೆ ಹಾಕಿ, ಆಮೇಲೆ ಕುದಿಸಿದ್ರೆ ಆಯ್ತಾ?"

ಗಲಾಟೆ ಕೇಳಿ ತಮ್ಮ ಹೊರಗೆ ಬಂದ. ಮೂತಿಯ ಮಾಸ್ಕು ಗದ್ದಕ್ಕಿಳಿದಿತ್ತು. ಕ್ಲಿನಿಕ್ಕಿನಲ್ಲಿ ಅವನು ಯಜಮಾನ, ಅವಳು ಕೆಲಸದವಳು. ಮನೆಯಲ್ಲಿ ತಿರುಗುಮುರುಗು. ತೊಂದರೆಯೆಂದರೆ ಕಾಯುವ ಕೋಣೆ ಎರಡರ ಸರಹದ್ದಿನಲ್ಲಿತ್ತು.

"ಇದು ಹಲ್ಲಿನ ಆಸ್ಪತ್ರೆ ಅಕ್ಕ, ಮೀನಿನ ಆಸ್ಪತ್ರೆ ಅಲ್ಲ. ಮೀನು ನೋಡು, ಎಷ್ಟು ಲಕ್ಷಣವಾಗಿದೆ."

"ಬೆಳ್ಳಗಿರೋದೆಲ್ಲ ಹಾಲಲ್ಲ ಡಾಕ್ಟ್ರೇ."

ಅವಳು 'ಡಾಕ್ಟ್ರೇ' ಎಂದಳೆಂದರೆ ಸಿಟ್ಟು ನೆತ್ತಿಗೇರಿದೆ ಎಂದು ಅರ್ಥ. ತಮ್ಮನಿಗೂ ಏರಿತು. ರೋಗಿಗಳ ಎದುರಿಗೆ, ಅಂಗಡಿಯವನ ಎದುರಿಗೆ, ಹೆಂಡತಿಯ ಎದುರಿಗೆ ತಾನು ಕೊಂಡ ಮೀನನ್ನು ತನ್ನ ಟ್ಯಾಂಕಿಗೆ ಬಿಡುವ ಅಧಿಕಾರವೂ ತನಗಿಲ್ಲವೇ?

"ಆಯ್ತು, ಇಟ್ಕೋ ಆರು ವಾರ," ಎಂದ. "ಆದ್ರೆ ಒಂದು ಮಾತು. ಈ ಆರು ವಾರದಲ್ಲಿ ಇದರ ಮೈಮೇಲೆ ನೀನು ಹೆದರೋ ಆ ರೋಗದ ಒಂದೇ ಒಂದು ಬಿಳಿ ಚುಕ್ಕೆ ಬಂದ್ರೆ, ನೀನು ಹೇಳಿದ ಹಾಗೆ ಜನ್ಮಪೂರ್ತಿ ಕೇಳ್ತೀನಿ. ಬರದೇ ಹೋದ್ರೆ ಆ ಕೀ ಈ ಅಂಗಡಿಯವರ ಕೈಗೆ. ತಿಂಗಳಿಗೆ ಎರಡು ಸಲ ಇವರೇ ಬಂದು ಟ್ಯಾಂಕ್ ನೋಡ್ಕೊಳ್ತಾರೆ. ನೀನು ನಿನ್ನ ಕುಕ್ಕರ್ ನೋಡ್ಕೋ."

"ಆಗಲಿ," ಎಂದುಬಿಟ್ಟಳು ಅಕ್ಕ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚೀಲ ಹಿಡಿದು ಒಳಗೆ ಹೋಗುವಾಗಲೇ ಅವಳಿಗೆ ತಾನು ಎಂಥ ಮೂರ್ಖ ಪಣಕ್ಕೆ ತಲೆ ಕೊಟ್ಟೆ ಎಂದು ಹೊಳೆಯಿತು. ರೋಗ ಬಂದರೆ ಅವಳು ಗೆಲ್ಲುತ್ತಾಳೆ, ಮೀನು ನರಳುತ್ತದೆ. ಬರದಿದ್ದರೆ ಮೀನು ಗೆಲ್ಲುತ್ತದೆ, ಅಜ್ಜ ಈ ಅಂಗಡಿಯವನ ಕೈಗೆ ಹೋಗುತ್ತಾನೆ. ಇವನೋ ನಲವತ್ತು ಪೆಟ್ಟಿಗೆಗೆ ಅದ್ದಿದ ಬಲೆಯನ್ನೇ ತಂದು ಇಲ್ಲಿಗೂ ಅದ್ದುವ ಪೈಕಿ.

ಇಷ್ಟು ಹಟ ಯಾಕೆ ಎಂದು ಕೇಳುವವರಿಗೆ ಅವಳು ಹೇಳದ ಕತೆಯೊಂದಿತ್ತು. ನಾಲ್ಕು ವರ್ಷದ ಹಿಂದೆ ಇದೇ ಟ್ಯಾಂಕಿನಲ್ಲಿ ಹನ್ನೆರಡು ಮೀನುಗಳಿದ್ದವು. ಆಗ ಇದೇ ಅಂಗಡಿಯಿಂದ ಒಂದು ನೀಲಿ ಮೀನು ಬಂತು. ಕುಕ್ಕರ್ ಕೂಗುತ್ತಿತ್ತು, ಮೂರು ರೋಗಿಗಳು ಬಾಯಿ ತೆರೆದು ಕಾಯುತ್ತಿದ್ದರು, ಅವಳಿಗೆ ಪುರುಸೊತ್ತಿರಲಿಲ್ಲ. ಮೀನಿನ ಮೈ ನೋಡಿದಳು. ಶುಭ್ರವಾಗಿತ್ತು. ಬಿಟ್ಟಳು. ಶುಭ್ರವಾದ ಬಾಯನ್ನು ಒಂದು ದಿನವೂ ನಂಬದವಳು ಶುಭ್ರವಾದ ಮೀನನ್ನು ನಂಬಿದಳು. ಐದನೆಯ ದಿನ ಅದರ ರೆಕ್ಕೆಯ ಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ. ಎರಡು ದಿನ ಬಿಟ್ಟು ಚುಕ್ಕೆ ಮಾಯ. ವಾಸಿಯಾಯಿತು ಎಂದು ಅವಳು ನಿರಾಳವಾಗಿ ಉಸಿರು ಬಿಟ್ಟಳು. ಆ ಚುಕ್ಕೆಯೊಳಗಿದ್ದ ಕಣ್ಣಿಗೆ ಕಾಣದ ಹುಳು ಸತ್ತಿರಲಿಲ್ಲ, ಮರಳಿಗೆ ಇಳಿದು ನೂರಾಗಿ ಒಡೆದು ಮೇಲೇರುತ್ತಿತ್ತು. ಔಷಧಿ ಹಾಕೋಣವೆಂದರೆ ತಾಮ್ರದ ಔಷಧಿ, ಹಾಕಿದರೆ ಹವಳ ಸಾಯುತ್ತದೆ. ಅಷ್ಟು ಕಲ್ಲುಗಳ ಸಂದಿಯಿಂದ ಮೀನುಗಳನ್ನು ಒಂದೊಂದಾಗಿ ಹಿಡಿಯುವಷ್ಟರಲ್ಲಿ ಹನ್ನೊಂದು ಹಳೆಯವೂ ಹೊಸತೂ ಹೋದವು. ಉಳಿದದ್ದು ಅಜ್ಜ ಒಬ್ಬನೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ವಾರವೇ ತಮ್ಮ ಕಾಯುವ ಕೋಣೆಗೆ ಬಣ್ಣ ಹೊಡೆಸಲು ಶುರುಮಾಡಿದ್ದ. ಎರಡು ಗೋಡೆ ಮುಗಿದಿತ್ತು. ಸತ್ತ ಮೀನುಗಳನ್ನು ನೋಡಿ ಅವನು ಬಿಳಚಿಕೊಂಡು, "ಬಣ್ಣದ ವಾಸನೆ ಅಕ್ಕ. ನಾನೇ ಕೊಂದೆ," ಎಂದ. ಬಣ್ಣದವನನ್ನು ಅರ್ಧಕ್ಕೇ ಕಳುಹಿಸಿದ. ಅಕ್ಕ 'ಅಲ್ಲ' ಎನ್ನಬೇಕಿತ್ತು. ಅನ್ನಲಿಲ್ಲ. ಅಜ್ಜನನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಔಷಧಿ ಮಾಡಿದಳು, ದೊಡ್ಡ ಟ್ಯಾಂಕನ್ನು ಎರಡೂವರೆ ತಿಂಗಳು ಮೀನಿಲ್ಲದೆ ಬಿಟ್ಟು ಹುಳುಗಳನ್ನು ಉಪವಾಸ ಕೆಡವಿದಳು. ತಮ್ಮ ಕೇಳಿದಾಗ, "ಬಣ್ಣದ ವಾಸನೆ ಹೋಗ್ಲಿ ಅಂತ," ಎಂದಳು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳು ಕಾಲಿಲ್ಲದೆಯೇ ನಾಲ್ಕು ವರ್ಷ ಗೋಡೆಗೆ ಒರಗಿ ನಿಂತಿತ್ತು.

ಹೊಸ ಮೀನಿಗೆ ಅದೇ ಹಳೆಯ ಗಾಜಿನ ಪೆಟ್ಟಿಗೆ ಸಿಕ್ಕಿತು. ಎಕ್ಸ್‌ರೇ ಕೋಣೆಯ ಮೂಲೆಯಲ್ಲಿ, ತಳದಲ್ಲಿ ಮರಳಿಲ್ಲದೆ, ಅಡಗಲು ಬಿಳಿ ಪ್ಲಾಸ್ಟಿಕ್ ಪೈಪಿನ ಎರಡು ತುಂಡು, ಒಂದು ಸ್ಪಂಜಿನ ಫಿಲ್ಟರು, ಒಂದು ಹೀಟರು. ಅದಕ್ಕೆ ಬೇರೆ ಬಲೆ, ಬೇರೆ ಮಗ್ಗು, ಬೇರೆ ಟವೆಲು, ಎಲ್ಲಕ್ಕೂ ಕೆಂಪು ಟೇಪು ಸುತ್ತಿದಳು. ಮೊದಲು ಅಜ್ಜನಿಗೆ ಊಟ ಹಾಕುವುದು, ಆಮೇಲೆ ಹೊಸಬನಿಗೆ. ಹೊಸಬನ ನೀರು ಮುಟ್ಟಿದ ಕೈ ಮೊಣಕೈವರೆಗೆ ತೊಳೆಯದೆ ಕಾಯುವ ಕೋಣೆಗೆ ಬರುವಂತಿಲ್ಲ. ಈ ಕಾನೂನು ಬರೆದವಳೂ ಅವಳೇ, ಪಾಲಿಸಿದವಳೂ ಅವಳೊಬ್ಬಳೇ.

ಭಾನುವಾರ ರಿಬ್ಬನ್ ಕತ್ತರಿಸಿದ ಹಿರಿಯ ಡಾಕ್ಟರು ಟ್ಯಾಂಕಿನ ಮುಂದೆ ಕೇಕು ಹಿಡಿದು ನಿಂತು, "ಇಷ್ಟು ದೊಡ್ಡ ಮನೇಲಿ ಒಬ್ಬನೇನಾ?" ಎಂದು ಕೇಳಿದರು. ತಮ್ಮನ ಹೆಂಡತಿ ಹಲ್ಲು ಕಚ್ಚಿ ನಕ್ಕಳು.

"ಇನ್ನೊಬ್ಬ ಒಳಗಿದ್ದಾನೆ ಸರ್, ಎಕ್ಸ್‌ರೇ ಕೋಣೇಲಿ," ಎಂದ ತಮ್ಮ. "ನಮ್ಮಕ್ಕ ಅಡ್ಮಿಟ್ ಮಾಡ್ಕೊಂಡಿದ್ದಾಳೆ. ರೋಗ ಏನು ಅಂತ ಇನ್ನೂ ಗೊತ್ತಾಗಿಲ್ಲ. ಅವಳಿಗೆ ಇರೋ ರೋಗ ಮಾತ್ರ ನಮಗೆಲ್ಲ ಗೊತ್ತು."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ, ಅಳಲೂ ಇಲ್ಲ. ಟ್ರೇ ತುಂಬ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಕ್ಲಿನಿಕ್ಕಿಗೆ ಹೊಸ ಆಟ ಸಿಕ್ಕಿತು. ಎಕ್ಸ್‌ರೇ ತೆಗೆಸಿಕೊಂಡವರೆಲ್ಲ ಪೆಟ್ಟಿಗೆಯೊಳಗೆ ಇಣುಕಿ, "ಡಿಸ್ಚಾರ್ಜ್ ಯಾವಾಗ?" ಎಂದು ಕೇಳುವುದು. ಅವಳು, "ನಿಮ್ಮ ದವಡೆಹಲ್ಲು ಕಿತ್ತ ಮೇಲೆ," ಎನ್ನುವುದು.

ಬೆಳಗ್ಗೆ ಎಂಟಕ್ಕೆ ಬಂದು ಅವಳು ಮಾಡುತ್ತಿದ್ದ ಮೊದಲ ಕೆಲಸ ಡಾಕ್ಟರರ ಬಾಯಿ ನೋಡುವ ಟಾರ್ಚಿನಿಂದ ಮೀನಿನ ಮೈ ನೋಡುವುದು. ಬಲಗಡೆ, ಎಡಗಡೆ, ಬೆನ್ನಿನ ರೆಕ್ಕೆ, ಕಿವಿರಿನ ಅಂಚು. ಹತ್ತನೆಯ ದಿನ ಏನೂ ಇಲ್ಲ. ಇಪ್ಪತ್ತನೆಯ ದಿನ ಏನೂ ಇಲ್ಲ. ಹಳದಿ ಮೀನು ಹಸಿರು ಪಾಚಿಯ ಹಾಳೆಯನ್ನು ಹರಿದು ಹರಿದು ತಿಂದು, ಟಾರ್ಚು ಕಂಡರೆ ಮುಖಕ್ಕೆ ಮುಖ ಕೊಟ್ಟು ನಿಲ್ಲುವಷ್ಟು ಸಲುಗೆ ಬೆಳೆಸಿತು. ಯಾರ ಹಂಗೂ ಇಲ್ಲದ ಜಂಬ ಅದರದು. ಅಕ್ಕನಿಗೆ ಅದು ಹಿಡಿಸಿತು. ಹಿಡಿಸಿದಷ್ಟೂ ಎದೆ ಭಾರವಾಯಿತು.

ಮೂವತ್ತೊಂದನೆಯ ದಿನ ಟಾರ್ಚಿನ ಬೆಳಕಿನಲ್ಲಿ ಬಾಲದ ಮೇಲೆ ಒಂದು ಬಿಳಿ ಚುಕ್ಕೆ ಕಂಡಿತು.

ಅವಳ ಎದೆ ಹಾರಿತು. ಹಾರಿದ್ದು ಹೆದರಿಕೆಯಿಂದ ಅಲ್ಲ, ಸಂತೋಷದಿಂದ. 'ಬಂತು!' ಎಂದು ಬಾಯಿಬಿಟ್ಟು ಹೇಳಿಯೂಬಿಟ್ಟಳು. ತಮ್ಮನನ್ನು ಕೂಗಲು ಬಾಗಿಲವರೆಗೆ ಓಡಿದಳು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟಾಗ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ತನ್ನ ಮಾತು ಗೆಲ್ಲಲಿ ಎಂದು ಬಾಯಿಲ್ಲದ ಪ್ರಾಣಿಗೆ ರೋಗ ಬಯಸಿದಳಲ್ಲ! ಮರಳಿ ಬಂದು ಮಂಡಿಯೂರಿ ನೋಡಿದಳು. ಮೀನು ಬಾಲ ಕೊಡವಿತು. ಚುಕ್ಕೆ ಕಳಚಿ ಮೇಲೇರಿ ನೀರಿನ ಮಟ್ಟದಲ್ಲಿ ಒಡೆಯಿತು. ಬರೀ ಗಾಳಿಯ ಗುಳ್ಳೆ.

ಗುಳ್ಳೆ ಎಂದು ಕಂಡದ್ದು ಅವಳೊಬ್ಬಳಿಗೇ. 'ಚುಕ್ಕೆ ಬಂದಿತ್ತು, ಈಗ ಬಿದ್ದುಹೋಯಿತು' ಎಂದು ಹೇಳಿದರೆ ಯಾರೂ ಅಲ್ಲಗಳೆಯುವಂತಿರಲಿಲ್ಲ. ಚುಕ್ಕೆ ಬಂದು ಮಾಯವಾಗುತ್ತದೆ ಎಂದು ಅಂಗಡಿಯವನಿಗೂ ಗೊತ್ತು. ಒಂದು ಸುಳ್ಳಿಗೆ ಕೀ ಉಳಿಯುತ್ತಿತ್ತು, ಅಜ್ಜ ಉಳಿಯುತ್ತಿದ್ದ, ಮರ್ಯಾದೆಯೂ ಉಳಿಯುತ್ತಿತ್ತು. ಸುಳ್ಳು ಹೇಳಿದರೆ ಹಳೆಯ ಸುಳ್ಳಿಗೆ ಒಬ್ಬ ತಮ್ಮ ಹುಟ್ಟುತ್ತಾನೆ, ಹೇಳದಿದ್ದರೆ ಕೀ ಹೋಗುತ್ತದೆ. ಅತ್ತ ದರಿ, ಇತ್ತ ಹುಲಿ. ಆ ದಿನ ಅವಳು ಕುಕ್ಕರಿನ ಮುಂದೆ ನಿಂತು ಒಂದೇ ತಂಡದ ಇಕ್ಕಳಗಳನ್ನು ಎರಡು ಸಲ ಶುದ್ಧ ಮಾಡಿದಳು. ಸಂಜೆ ಪೆಟ್ಟಿಗೆಯ ಮೇಲೆ ಅಂಟಿಸಿದ ಕಾಗದದಲ್ಲಿ ಮೂವತ್ತೊಂದನೆಯ ದಿನದ ಮುಂದೆ 'ಏನೂ ಇಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದಳು.

ನಲವತ್ತೆರಡನೆಯ ದಿನ ಬಂದೇ ಬಂತು. ಅಂಗಡಿಯವನು ಹೊಸ ಅಂಗಿ ತೊಟ್ಟು ಬಂದಿದ್ದ. ಅವನ ಬಕೆಟ್ಟಿನಲ್ಲಿ ಒಂದು ಒದ್ದೆ ಬಲೆ ಇತ್ತು. ಅಕ್ಕನ ಕಣ್ಣು ಮೊದಲು ಹೋದದ್ದು ಅದರ ಮೇಲೆ. ಕಾಯುವ ಕೋಣೆಯಲ್ಲಿ ಐದಾರು ಜನ ಕೂತಿದ್ದರು. ಅವರಲ್ಲಿ ಹೊಸ ಹಲ್ಲುಸೆಟ್ಟಿನ ಅಳತೆಗೆ ಬಂದಿದ್ದ ನಿವೃತ್ತ ಟೀಚರಮ್ಮ ಒಬ್ಬರು. ತಮ್ಮ ಕೈಗವಸು ಕಳಚುತ್ತ ಹೊರಗೆ ಬಂದ.

"ಏನಕ್ಕ, ಚುಕ್ಕೆ?"

"ಇಲ್ಲ. ಒಂದೂ ಬರಲಿಲ್ಲ."

"ಮತ್ತೆ? ನಾನೇನು ಹೇಳಿದ್ದೆ? ಆರು ವಾರ ಸುಮ್ನೆ ದಂಡ. ಕೊಡು ಕೀ."

ಅಕ್ಕ ಕೊರಳ ದಾರವನ್ನು ಮುಷ್ಟಿಯಲ್ಲಿ ಹಿಡಿದಳು. "ಕೊಡಲ್ಲ."

"ಒಪ್ಕೊಂಡಿದ್ದೆ ನೀನು!"

"ಒಪ್ಕೊಂಡಿದ್ದು ನನ್ನ ತಪ್ಪು. ಅದಕ್ಕೆ ಅಜ್ಜ ಯಾಕೆ ಸಾಯ್ಬೇಕು?"

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋದು ಇದಕ್ಕೇ," ಎಂದು ತಮ್ಮ ರೋಗಿಗಳ ಕಡೆ ತಿರುಗಿದ. "ನೀವೇ ಹೇಳಿ. ಆರು ವಾರ ಕಾದ್ವಿ. ಮೀನಿಗೆ ಏನೂ ಆಗಲಿಲ್ಲ. ಅಂದ್ಮೇಲೆ ಕಾದಿದ್ದು ವ್ಯರ್ಥ ತಾನೆ?"

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡರು. ಬಾಯಲ್ಲಿ ಹಲ್ಲಿರಲಿಲ್ಲ, ಮಾತಿಗೆ ಹರಿತವಿತ್ತು. "ಡಾಕ್ಟ್ರೇ, ಇಷ್ಟು ವರ್ಷ ನಿಮ್ಮಲ್ಲಿ ಬಂದು ನನಗೂ ಏನೂ ಅಂಟಿಲ್ಲ. ಹಾಗಾದ್ರೆ ನಿಮ್ಮಕ್ಕ ದಿನಾ ಅದನ್ನೆಲ್ಲ ಕುದಿಸೋದೂ ವ್ಯರ್ಥ ತಾನೆ?"

ಸೋಫಾದ ತುದಿಯಲ್ಲಿದ್ದವನು ಮೆಲ್ಲಗೆ ಕೆನ್ನೆ ಮುಟ್ಟಿಕೊಂಡು, "ನಿನ್ನೆ ನನ್ನ ಬಾಯಿಗೆ ಹಾಕಿದ್ದು ಕುದಿಸಿದ್ದೇ ಅಲ್ವಾ?" ಎಂದು ಕೇಳಿದ.

"ಕುದಿಸಿದ್ದೇ! ಎಲ್ಲ ಕುದಿಸಿದ್ದೇ! ಬೇಕಿದ್ರೂ ಬೇಡದಿದ್ರೂ ಕುದಿಸ್ತೀವಿ!" ಎಂದು ತಮ್ಮ ಕೂಗಿದ. ಕೂಗಿದ ಮೇಲೆ ತನ್ನ ಬಾಯಿಂದ ಏನು ಬಂತು ಎಂದು ಅವನಿಗೇ ಕೇಳಿಸಿತು.

ಅಲ್ಲಿಗೇ ನಿಲ್ಲಿಸಿದ್ದರೆ ಅಕ್ಕ ಗೆದ್ದಿದ್ದಳು. ಟೀಚರಮ್ಮ ಗೆಲ್ಲಿಸಿಕೊಟ್ಟಿದ್ದರು, ಪುಕ್ಕಟೆ ಗೆಲುವು. ಆದರೆ ಅವಳ ಎದುರಿಗೆ ಸುಲಿದುಹೋದ ಗೋಡೆ ಇತ್ತು, ನಾಲ್ಕು ವರ್ಷದಿಂದ ಅವಳನ್ನೇ ನೋಡುತ್ತಿದ್ದ ಗೋಡೆ.

"ಲೋ, ಕೇಳು," ಎಂದಳು. ಕ್ಲಿನಿಕ್ಕಿನಲ್ಲಿ, ರೋಗಿಗಳ ಎದುರು, ಅವಳು ತಮ್ಮನನ್ನು 'ಲೋ' ಎಂದದ್ದು ಅದೇ ಮೊದಲು. "ಆ ಹನ್ನೊಂದು ಮೀನು ಬಣ್ಣದ ವಾಸನೆಗೆ ಸಾಯಲಿಲ್ಲ. ನಾನು ಕೊಂದಿದ್ದು. ಆ ನೀಲಿ ಮೀನನ್ನ ಒಂದು ದಿನಾನೂ ಬೇರೆ ಇಡದೆ ನೇರವಾಗಿ ಬಿಟ್ಟೆ. ಮೈ ಶುಭ್ರವಾಗಿದೆ ಅಂತ ಬಿಟ್ಟೆ. ಬಿಳಿ ಚುಕ್ಕೆ ಬಂದಿದ್ದು ಕಣ್ಣಾರೆ ಕಂಡೆ. ನೀನು 'ನಾನೇ ಕೊಂದೆ' ಅಂದಾಗ ಸುಮ್ನಿದ್ದೆ. ಬೈಯೋದಿದ್ರೆ ಎಲ್ಲರ ಮುಂದೆ ಬೈ, ನಿಂತು ಕೇಳ್ತೀನಿ. ಕೀ ಮಾತ್ರ ಕೊಡಲ್ಲ. ಒಂದು ಸಲ ಕೊಂದವಳಿಗೆ ಗೊತ್ತಿರೋ ಭಯ ಇವನಿಗೆ ಗೊತ್ತಿಲ್ಲ."

ತಮ್ಮ ಗೋಡೆಯ ಕಡೆ ನೋಡಿದ. ಆಮೇಲೆ ಅಕ್ಕನ ಕಡೆ.

"ನಾಲ್ಕು ವರ್ಷ ಅಕ್ಕ," ಎಂದ. "ಉಳಿದ ಒಬ್ಬನೂ ಸತ್ತಾನು ಅಂತ ನಾಲ್ಕು ವರ್ಷ ನಾನು ಈ ಗೋಡೆಗೆ ಒಂದು ಕುಂಚ ಮುಟ್ಟಿಸಲಿಲ್ಲ. ಇವಳ ಹತ್ರ ದಿನಾ ಬೈಸ್ಕೊಂಡೆ."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ದೆ."

"ಸುಮ್ನಿದ್ದೆ. ಅದು ಮೀನು ಕೊಂದಿದ್ದಕ್ಕಿಂತ ದೊಡ್ಡ ತಪ್ಪು," ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು, ಕತ್ತು ಮಾತ್ರ ಬಾಗಲಿಲ್ಲ.

ತಮ್ಮನ ಹೆಂಡತಿ ಮೇಜಿನ ಹಿಂದಿನಿಂದ ಎದ್ದು ಬಂದಳು. ಅತ್ತ ಗಂಡನನ್ನು ನೋಡಿದಳು, ಇತ್ತ ಅಕ್ಕನನ್ನು ನೋಡಿದಳು. "ಇಬ್ಬರೂ ಸೇರಿ ನನ್ನ ಗೋಡೆನ ಬೇರೆ ಪೆಟ್ಟಿಗೇಲಿ ಇಟ್ಟಿದ್ರಾ?" ಎಂದಳು. ಟೀಚರಮ್ಮ ಹಲ್ಲಿಲ್ಲದ ಬಾಯಲ್ಲಿ ಜೋರಾಗಿ ನಕ್ಕರು. ಅಂಗಡಿಯವನು ಬಕೆಟ್ಟು ಎತ್ತಿಕೊಂಡು, "ಮತ್ತೆ ಬರ್ತೀನಿ ಸರ್," ಎಂದು ಬಾಗಿಲ ಕಡೆ ಸರಿದ. ತಮ್ಮ ಅವನನ್ನು ತಡೆಯಲಿಲ್ಲ.

ಅಂದೇ ಮಧ್ಯಾಹ್ನ ಅಕ್ಕ ಹಳದಿ ಮೀನನ್ನು ದೊಡ್ಡ ಟ್ಯಾಂಕಿಗೆ ಬಿಟ್ಟಳು. ಅದು ಹವಳದ ಮೇಲೆ ಒಂದು ಸುತ್ತು ಹೊಡೆದು ನೇರವಾಗಿ ಅಜ್ಜನ ಮೂಲೆಗೆ ನುಗ್ಗಿತು. ಅಜ್ಜ ಹನ್ನೊಂದು ವರ್ಷದ ಮುದುಕನಾದರೂ ಎದೆಯುಬ್ಬಿಸಿ ಬಂದು ಅದರ ಬಾಲಕ್ಕೆ ಬಾಯಿ ಹಾಕಿದ. ತಮ್ಮ ಅವಳ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಅವನು ಬೈಯಲೂ ಇಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಫೋನು ತೆಗೆದು ಬಣ್ಣದವನ ನಂಬರು ಹುಡುಕಿದ.

"ನಾಳೇನೇ ಬರೋಕೆ ಹೇಳ್ತೀನಿ," ಎಂದ.

"ಬರ್ಲಿ. ಆದ್ರೆ ಟ್ಯಾಂಕಿಗೆ ಪೂರ್ತಿ ಪ್ಲಾಸ್ಟಿಕ್ ಹೊದಿಸ್ಬೇಕು. ಗಾಳಿ ಪಂಪಿನ ಪೈಪು ಕಿಟಕಿ ಹೊರಗೆ ಹಾಕ್ಬೇಕು. ಒಂದು ದಿನಕ್ಕೆ ಒಂದೇ ಗೋಡೆ. ವಾಸನೆ ಹೋಗದೆ ಎರಡನೇದು ಮುಟ್ಟಂಗಿಲ್ಲ."

"ಅಕ್ಕ! ಅವು ಬಣ್ಣದಿಂದ ಸಾಯಲಿಲ್ಲ ಅಂತ ಈಗ ತಾನೆ ನೀನೇ ಹೇಳಿದೆ!"

"ಸಾಯಲಿಲ್ಲ ಅಂದೆ," ಎಂದು ಅಕ್ಕ ಕಪಾಟಿಗೆ ಬೀಗ ಹಾಕಿ ಕೀಯನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. "ಸಾಯಲ್ಲ ಅಂತ ನಾನೆಲ್ಲಿ ಹೇಳಿದೆ?"